ಮೂವತ್ತೆಂಟು ನಿಮಿಷದ ದಾರಿ

ನಮ್ಮ ಬೀದಿಯ ಕೊನೆಯ ಮನೆಯ ಹೆಂಗಸನ್ನು ಎಲ್ಲರೂ ನಿಮಿಷದಕ್ಕ ಎಂದು ಕರೆಯುತ್ತಾರೆ. ಅವಳಿಗೆ ಆ ಹೆಸರಿನ ಮೇಲೆ ಕೋಪವಿಲ್ಲ. ಊರ ಹೊರಗಿನ ಸಣ್ಣ ವಿಮಾನ ನಿಲ್ದಾಣದಲ್ಲಿ ಅವಳು ಹೊತ್ತು ಬರೆಯುವ ಗುಮಾಸ್ತೆಯಾಗಿದ್ದಳು. ವಿಮಾನ ಇಲ್ಲಿ ಎಷ್ಟು ಹೊತ್ತಿಗೆ ನೆಲ ಬಿಟ್ಟಿತು, ಬೆಟ್ಟದ ಸಾಲಿನ ಆಚೆಯ ಊರಿನಲ್ಲಿ ಎಷ್ಟು ಹೊತ್ತಿಗೆ ನೆಲ ಮುಟ್ಟಿತು ಎಂದು ಬರೆದಿಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಬರೆದಳು. ತಾನು ಮಾತ್ರ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಯಾರಾದರೂ ಕೇಳಿದರೆ, ಅಡುಗೆ ಮಾಡುವವಳಿಗೆ ಊಟ ಸೇರುವುದಿಲ್ಲ ಎಂದು ನಕ್ಕುಬಿಡುತ್ತಿದ್ದಳು.

ಅವಳ ಸ್ವಭಾವದಲ್ಲಿ ಎದ್ದು ಕಾಣುವ ಗುಣವೆಂದರೆ ಹೇಸಿಗೆ. ಚಿಕ್ಕಂದಿನಿಂದಲೂ ಹಾಗೆಯೇ. ಮೂರನೆಯ ತರಗತಿಯಲ್ಲಿ ಅವಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಆಗಿನ ಮಕ್ಕಳು ತಪ್ಪು ಲೆಕ್ಕವನ್ನು ಅಳಿಸಬೇಕಾದರೆ ಸ್ಲೇಟಿನ ಮೇಲೆ ಉಗುಳಿ ಅಂಗೈಯಲ್ಲಿ ಉಜ್ಜುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಇಡೀ ಕೋಣೆ ಎಂಜಲು ಸ್ಲೇಟಿನ ಹುಳಿ ವಾಸನೆಯಿಂದ ತುಂಬಿಹೋಗುತ್ತಿತ್ತು. ಈ ಹುಡುಗಿ ಮಾತ್ರ ಸಣ್ಣ ಡಬ್ಬಿಯಲ್ಲಿ ಒದ್ದೆ ಬಟ್ಟೆ ತರುತ್ತಿದ್ದಳು. ಬಟ್ಟೆ ಒಣಗಿದ ಮೇಲೆ ತಪ್ಪಾದರೆ ಅಳಿಸುತ್ತಲೇ ಇರಲಿಲ್ಲ. ತಪ್ಪಿನ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯುತ್ತಿದ್ದಳು. ಏಕೆ ಹೀಗೆ ಎಂದು ಕೇಳಿದ್ದೆ.

“ಎಂಜಲಲ್ಲಿ ಅಳಿಸಿದ್ರೆ ತಪ್ಪು ಹೋಗಲ್ಲ ಮೇಷ್ಟ್ರೇ, ಅಲ್ಲೇ ಇದ್ದು ನಾರುತ್ತೆ” ಎಂದಿದ್ದಳು. ಎಂಟು ವರ್ಷದ ಮಗು. ಆ ಮಾತನ್ನು ನಾನು ಮರೆತಿಲ್ಲ.

ದೊಡ್ಡವಳಾದ ಮೇಲೆ ಅವಳ ಹೇಸಿಗೆ ಉಗುಳಿಗೂ ಜಿರಳೆಗೂ ನಿಲ್ಲದೆ ಸುಳ್ಳಿನವರೆಗೆ ಬೆಳೆಯಿತು. ಬೇರೆಯವರಿಗೆ ಸುಳ್ಳು ಕೇಳಿದರೆ ಸಿಟ್ಟು ಬರುತ್ತದೆ, ಇಲ್ಲವೇ ನಗು ಬರುತ್ತದೆ. ಇವಳಿಗೆ ಅದು ನಾರುತ್ತಿತ್ತು. ತರಕಾರಿಯವನು ನಿನ್ನೆಯ ಸೊಪ್ಪಿಗೆ ನೀರು ಚಿಮುಕಿಸಿ ಇಂದಿನದೆಂದರೆ ಇವಳು ಜಗಳವಾಡುತ್ತಿರಲಿಲ್ಲ. ಕರವಸ್ತ್ರವನ್ನು ಮೂಗಿಗೆ ಹಿಡಿದು ಮುಂದೆ ಹೋಗುತ್ತಿದ್ದಳು.

ಎರಡು ನಿಲ್ದಾಣಗಳ ನಡುವಿನ ದೂರ ಆಕಾಶದಲ್ಲಿ ನೇರವಾಗಿ ಅಳೆದರೆ ಇನ್ನೂರ ಹದಿನಾಲ್ಕು ಕಿಲೋಮೀಟರು. ರಸ್ತೆಯಲ್ಲಿ ಬೆಟ್ಟ ಸುತ್ತಿ ಹೋದರೆ ಮುನ್ನೂರ ನಲವತ್ತು. ವಿಮಾನ ನೆಲ ಬಿಟ್ಟು ನೆಲ ಮುಟ್ಟಲು ಮೂವತ್ತೆಂಟು ನಿಮಿಷ ಬೇಕು. ಎದುರುಗಾಳಿ ಜೋರಾಗಿದ್ದ ದಿನ ನಲವತ್ತೊಂದು, ಗಾಳಿ ಬೆನ್ನಿಗಿದ್ದ ದಿನ ಮೂವತ್ತಾರು. ಇದು ಅವಳ ಉದ್ದನೆಯ ನೋಟುಪುಸ್ತಕಗಳಲ್ಲಿ ದಿನದಿನದ ಲೆಕ್ಕವಾಗಿ ಇದೆ. ಒಂದೂ ಅಳಿಸಿದ ಗುರುತಿಲ್ಲ.

ಅವಳ ಗಂಡ ಅದೇ ಊರಿಗೆ ಹೋಗುವ ಬಸ್ಸಿನ ಚಾಲಕ. ಅವನಿಗೆ ಎಂಟು ಗಂಟೆ ಬೇಕು. ತಿರುವುಗಳಲ್ಲಿ ಪ್ರಯಾಣಿಕರು ವಾಂತಿ ಮಾಡಿಕೊಳ್ಳುತ್ತಾರೆಂದು ತನ್ನ ಸೀಟಿನ ಹಿಂದೆ ಪ್ಲಾಸ್ಟಿಕ್ ಕವರುಗಳ ಕಟ್ಟು ಇಟ್ಟುಕೊಂಡಿರುತ್ತಾನೆ. ಊಟಕ್ಕೆ ಕುಳಿತಾಗ ಅವಳನ್ನು ಕೆಣಕುವುದೇ ಅವನ ಸಂತೋಷ.

“ನೀನು ಮೂವತ್ತೆಂಟು ನಿಮಿಷದಲ್ಲಿ ಕಳಿಸೋ ದಾರೀಲಿ ನಾನು ಎಂಟು ಗಂಟೆ ಕರ್ಕೊಂಡು ಹೋಗ್ತೀನಿ. ಯಾರು ಹೆಚ್ಚು ಸೇವೆ ಮಾಡಿದ ಹಾಗಾಯ್ತು, ಹೇಳು?”

“ಕವರಿನ ಮಾತು ಊಟದ ಹೊತ್ತಲ್ಲಿ ಬೇಡ” ಎನ್ನುತ್ತಿದ್ದಳು ಅವಳು. ಅವನು ಕವರಿನ ಮಾತನ್ನು ಆಡಿಯೇ ಇರುತ್ತಿರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ನೆನಪಾಗಿರುತ್ತಿತ್ತು.

ಅವಳ ಕೆಲಸದಲ್ಲಿ ಒಂದು ಹಳೆಯ ಪದ್ಧತಿಯಿತ್ತು. ವಿಮಾನ ನೆಲ ಬಿಟ್ಟ ಕೂಡಲೇ ಈ ತುದಿಯ ಗುಮಾಸ್ತೆ ಆ ತುದಿಗೆ ಫೋನು ಮಾಡಿ “ಬಿಟ್ಟಿತು” ಎನ್ನಬೇಕು. ಅಲ್ಲಿ ಇಳಿದಾಗ ಆ ತುದಿಯವನು ಇಲ್ಲಿಗೆ ಫೋನು ಮಾಡಿ “ಮುಟ್ಟಿತು” ಎನ್ನಬೇಕು. ಕಂಪ್ಯೂಟರು ಬಂದ ಮೇಲೆ ಇದು ಬೇಕಿರಲಿಲ್ಲ. ಪರದೆಯ ಮೇಲೆ ತಾನಾಗಿಯೇ ಕಾಣುತ್ತಿತ್ತು. ಆದರೂ ಇವರಿಬ್ಬರು ಬಿಡಲಿಲ್ಲ. ಆ ತುದಿಯವನು ಇವಳನ್ನು ಅಕ್ಕ ಎನ್ನುತ್ತಿದ್ದ, ಇವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಮುಖ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೊಂದು ಮಾತಿನಲ್ಲೇ ಬೆಳೆದ ನಂಟು. ಯಾವಾಗಲೋ ಎರಡು ಮಾತು ಹೆಚ್ಚಾದರೆ ಅದು ಅಣ್ಣನ ಹೆಂಡತಿಯ ಆರೋಗ್ಯದ ವಿಷಯ. ಆಕೆಯ ಹೊಟ್ಟೆಯಲ್ಲಿ ಗೆಡ್ಡೆಯಾಗಿ ತೆಗೆದಿದ್ದರು. ಅದು ಮತ್ತೆ ಬೆಳೆಯುತ್ತಿದೆಯೋ ಎಂದು ಮೂರು ತಿಂಗಳಿಗೊಮ್ಮೆ ಅಲ್ಲಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಬೇಕಿತ್ತು.

ಆ ಸ್ಕ್ಯಾನಿಗೆ ವಿಕಿರಣ ಸೂಸುವ ಒಂದು ಔಷಧ ಚುಚ್ಚಬೇಕು. ಅದನ್ನು ತಯಾರಿಸುವುದು ನಮ್ಮ ಊರಿನಲ್ಲಿ. ಅದು ತಯಾರಾದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿರುತ್ತದೆ. ಸೀಸದ ಭಾರವಾದ ಪೆಟ್ಟಿಗೆಯಲ್ಲಿಟ್ಟು ಅದನ್ನು ಬೆಳಗಿನ ವಿಮಾನಕ್ಕೆ ಹಾಕುತ್ತಾರೆ. ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಬೇಕೆಂದು ನಿಯಮ. ಕಾರ್ಖಾನೆಯಿಂದ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ, ಹೇರುವುದಕ್ಕೆ ಇಪ್ಪತ್ತು, ಹಾರಾಟ ಮೂವತ್ತೆಂಟು, ಅಲ್ಲಿಂದ ಆಸ್ಪತ್ರೆಗೆ ಹದಿನೈದು. ಒಟ್ಟು ಒಂದೂವರೆ ಗಂಟೆಯ ಮೇಲೆ ಮೂರು ನಿಮಿಷ. ಏಳು ರೋಗಿಗಳಿಗೆ ಸಾಕಾಗುತ್ತಿತ್ತು.

ಹೀಗಿರುವಾಗ ವಿಮಾನ ಕಂಪನಿಗೆ ಹೊಸ ಮ್ಯಾನೇಜರು ಬಂದ. ಚೊಕ್ಕ ಬಟ್ಟೆ, ಮೆತ್ತನೆಯ ಮಾತು. ಯೋಚಿಸುವಾಗ ಪೆನ್ನಿನ ತುದಿಯನ್ನು ಬಾಯಿಗಿಟ್ಟು ಜಗಿಯುವ ಚಾಳಿ ಅವನಿಗೆ. ಅವನ ಮೇಜಿನ ಮೇಲಿನ ಪೆನ್ನುಗಳೆಲ್ಲ ನಾಯಿಮರಿ ಕಚ್ಚಿದ ಚಪ್ಪಲಿಯಂತಿರುತ್ತಿದ್ದವು. ನಿಮಿಷದಕ್ಕ ಆ ಮೇಜಿನಿಂದ ಎರಡು ಹೆಜ್ಜೆ ದೂರವೇ ನಿಲ್ಲುತ್ತಿದ್ದಳು.

ಹೊತ್ತಿಗೆ ಸರಿಯಾಗಿ ತಲುಪುವ ಕಂಪನಿಗೆ ಪ್ರತಿವರ್ಷ ಒಂದು ಫಲಕ ಕೊಡುತ್ತಾರೆ. ಔಷಧದ ಪೆಟ್ಟಿಗೆ ಒಯ್ಯುವ ಬೆಳಗಿನ ವಿಮಾನ ಒಂದನ್ನು ಬಿಟ್ಟರೆ ನಮ್ಮ ಕಂಪನಿಯ ವಿಮಾನಗಳು ಹೊರಡುವುದೇ ಕಾಲು ಗಂಟೆ, ಅರ್ಧ ಗಂಟೆ ತಡ. ಫಲಕದ ಮಾತು ದೂರ ಉಳಿಯಿತು. ಹೊಸ ಮ್ಯಾನೇಜರು ಹೊರಡುವುದನ್ನು ಸರಿಪಡಿಸುವ ಗೋಜಿಗೆ ಹೋಗಲಿಲ್ಲ. ವೇಳಾಪಟ್ಟಿಯಲ್ಲಿ ದಾರಿಯನ್ನೇ ಉದ್ದ ಮಾಡಿದ. ಮೂವತ್ತೆಂಟು ನಿಮಿಷದ ಹಾರಾಟಕ್ಕೆ ಎಂಬತ್ತು ನಿಮಿಷ ಎಂದು ಅಚ್ಚು ಹಾಕಿಸಿದರೆ, ಅರ್ಧ ಗಂಟೆ ತಡವಾಗಿ ಹೊರಟರೂ ಹತ್ತು ನಿಮಿಷ ಮೊದಲೇ ತಲುಪಿದಂತಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವನ್ನೇ ಡೊಂಕು ಮಾಡಿ ಕುಣಿಯಹೊರಟ.

ಅದಕ್ಕೊಂದು ಪ್ರಮಾಣಪತ್ರ ಬೇಕಿತ್ತು. ಈ ಎರಡು ನಿಲ್ದಾಣಗಳ ನಡುವೆ ಸಾಮಾನ್ಯವಾಗಿ ಹಿಡಿಯುವ ಕಾಲ ಎಂಬತ್ತು ನಿಮಿಷ ಎಂದು, ಹೊತ್ತು ಬರೆಯುವ ಗುಮಾಸ್ತೆಯೇ ಸಹಿ ಹಾಕಬೇಕು. ಅವನು ಅವಳನ್ನು ಕರೆಸಿದ. ಬೇಗ ತಲುಪಿದರೆ ಅಳುವವರು ಯಾರಾದರೂ ಉಂಟೇ, ಇದರಿಂದ ಯಾರಿಗೆ ಏನು ಕೆಟ್ಟದ್ದಾದೀತು ಎಂದು ನಯವಾಗಿ ಕೇಳಿದ. ಕೇಳುತ್ತಲೇ ತಾನು ಜಗಿಯುತ್ತಿದ್ದ ಪೆನ್ನನ್ನು ಬಾಯಿಂದ ತೆಗೆದು ಅವಳ ಕೈಗಿತ್ತ.

ಪೆನ್ನು ಒದ್ದೆಯಾಗಿತ್ತು, ಬೆಚ್ಚಗಿತ್ತು. ಅವಳು ವಾದ ಮಾಡಬೇಕೆಂದುಕೊಂಡು ಬಂದಿದ್ದಳು. ನೋಟುಪುಸ್ತಕ ಕಂಕುಳಲ್ಲೇ ಇತ್ತು. ಆದರೆ ಬೆರಳಿಗೆ ಆ ಎಂಜಲು ತಾಗಿದ ಕ್ಷಣ ಅವಳ ತಲೆಯಲ್ಲಿ ಒಂದೇ ಒಂದು ಯೋಚನೆ ಉಳಿಯಿತು: ಇದನ್ನು ಕೆಳಗಿಡಬೇಕು, ಕೈ ತೊಳೆಯಬೇಕು. ಗೀಚಿದಳು, ಪೆನ್ನು ಬಿಟ್ಟಳು, ಓಡಿದಳು. ಸಾಬೂನು ಹಚ್ಚಿ ಮೂರು ಸಲ ಕೈ ತೊಳೆದ ಮೇಲೆ ತಾನು ಏನು ಮಾಡಿದೆನೆಂದು ಹೊಳೆಯಿತು. ಆಗ ಮ್ಯಾನೇಜರ ಕೋಣೆಯ ಬಾಗಿಲು ಮುಚ್ಚಿತ್ತು, ಕಾಗದ ಹೋಗಿಯಾಗಿತ್ತು. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ನಾಳೆ ಕೇಳುತ್ತೇನೆಂದುಕೊಂಡಳು, ನಾಡಿದ್ದು ಎಂದುಕೊಂಡಳು, ಆಮೇಲೆ ಯಾರಿಗೂ ತೊಂದರೆಯಿಲ್ಲವಲ್ಲ ಎಂದುಕೊಂಡಳು. ಮ್ಯಾನೇಜರ ಮಾತು ಅವಳ ಬಾಯಿಗೆ ಹೀಗೆ ಬಂದು ಸೇರಿತು.

ಮೂರು ತಿಂಗಳಾದ ಮೇಲೆ ಫಲಕ ಬಂತು. ಕಚೇರಿಯಲ್ಲಿ ಕೇಕು ಕತ್ತರಿಸಿದರು. ಅದರ ಮೇಲೆ ನೀಲಿ ಬಣ್ಣದ ಕೆನೆಯಲ್ಲಿ ವಿಮಾನದ ಚಿತ್ರ. ಸೆಕೆಗೆ ಕೆನೆ ಕರಗಿ ರೆಕ್ಕೆ ಜಾರುತ್ತಿತ್ತು. ಮ್ಯಾನೇಜರು ಬೆರಳಿನಲ್ಲೇ ಒಂದು ತುಂಡು ಎತ್ತಿ ಅವಳ ಬಾಯಿಗೆ ಹಿಡಿದ. ಇದೆಲ್ಲ ನಿಮ್ಮ ಸಹಿಯ ಪುಣ್ಯ ಎಂದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನುಂಗಿದಳು. ಮನೆಗೆ ಬಂದು ಎಲ್ಲವನ್ನೂ ಕಾರಿಕೊಂಡಳು. ಗಂಡ ಬೆನ್ನು ಸವರುತ್ತಾ, “ನನ್ನ ಕವರು ಒಂದು ಇಲ್ಲೂ ಇಡ್ತೀನಿ ಬಿಡು” ಎಂದನಂತೆ. ಅವಳು ನಗಲಿಲ್ಲ. ಆ ರಾತ್ರಿಯಿಂದ ಅವಳಿಗೆ ಸಿಹಿ ಕಂಡರೆ ಆಗದು.

ಇನ್ನೊಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಣ್ಣ “ಮುಟ್ಟಿತು” ಎಂದವನು ಫೋನು ಇಡಲಿಲ್ಲ. ಮುಂದಿನ ತಿಂಗಳಿನಿಂದ ಔಷಧ ತರಿಸುವುದನ್ನು ಆಸ್ಪತ್ರೆಯವರು ನಿಲ್ಲಿಸುತ್ತಾರಂತೆ ಎಂದ. ದಾರಿಯಲ್ಲಿ ಹೊತ್ತು ಮೀರುತ್ತದಂತೆ. ಇನ್ನು ಸ್ಕ್ಯಾನ್ ಬೇಕಾದವರೆಲ್ಲ ಬಸ್ಸು ಹತ್ತಿ ನಮ್ಮ ಊರಿಗೇ ಬರಬೇಕು. ಅವನ ಹೆಂಡತಿಗೆ ವಿಮಾನ ಹತ್ತಬಾರದೆಂದು ಡಾಕ್ಟರ ಕಟ್ಟಪ್ಪಣೆ, ಆ ತಿರುವುಗಳಲ್ಲಿ ಎಂಟು ಗಂಟೆ ಕೂರುವ ಶಕ್ತಿಯೂ ಇಲ್ಲ. ಆಕೆ ಈಗಾಗಲೇ ಹೇಳಿಬಿಟ್ಟಿದ್ದಾಳೆ, ಬಸ್ಸಿನಲ್ಲಿ ಹೋಗಿ ಸಾಯುವುದಕ್ಕಿಂತ ಸ್ಕ್ಯಾನ್ ಇಲ್ಲದೆ ಮನೆಯಲ್ಲೇ ಇರುತ್ತೇನೆ ಎಂದು.

ನಿಮಿಷದಕ್ಕನ ರಕ್ತ ಕುದಿಯಿತು. ಹೊತ್ತು ಹೇಗೆ ಮೀರುತ್ತದೆ? ಇವತ್ತು ಕೂಡ ಮೂವತ್ತೆಂಟೇ ನಿಮಿಷ. ಆಸ್ಪತ್ರೆಯವರು ಅಚ್ಚಾದ ವೇಳಾಪಟ್ಟಿಯ ಎಂಬತ್ತನ್ನು ನೋಡಿ ಲೆಕ್ಕ ಹಾಕಿದ್ದಾರೆ, ಕುರುಡರು ಎಂದಳು. ನಾನೇ ಬಂದು ಅವರ ಮೇಜಿನ ಮೇಲೆ ನನ್ನ ಪುಸ್ತಕ ಹಾಕುತ್ತೇನೆ ಎಂದಳು. ಅದಕ್ಕೆ ಅವನು, “ಬನ್ನಿ ಅಕ್ಕ” ಎಂದಷ್ಟೇ ಹೇಳಿದ.

ಹಾಗೆ ಐವತ್ತೇಳನೆಯ ವಯಸ್ಸಿನಲ್ಲಿ ಅವಳು ಮೊದಲ ಸಲ ವಿಮಾನ ಹತ್ತಿದಳು. ಒಂದು ದಿನ ರಜೆ ಹಾಕಿ, ಚೀಲದಲ್ಲಿ ಮೂರು ನೋಟುಪುಸ್ತಕ ಇಟ್ಟುಕೊಂಡು, ಕಿಟಕಿಯ ಪಕ್ಕ ಕುಳಿತಳು. ಗಡಿಯಾರ ನೋಡಿಕೊಂಡಳು. ಒಂಬತ್ತು ಹನ್ನೆರಡಕ್ಕೆ ನೆಲ ಬಿಟ್ಟಿತು. ತನ್ನ ಗಂಡನ ರಸ್ತೆ ಕೆಳಗೆ ಬೆಟ್ಟಕ್ಕೆ ಸುತ್ತಿದ ದಾರದಂತೆ ಕಂಡಿತು. ಒಂಬತ್ತು ಐವತ್ತಕ್ಕೆ ನೆಲ ಮುಟ್ಟಿತು. ಮೂವತ್ತೆಂಟು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಕ್ಷಣ ಅವಳಿಗಾದ ಹೆಮ್ಮೆಯನ್ನು ಹೇಳುವಾಗ ಈಗಲೂ ಅವಳ ಮುಖ ಕಹಿಯಾಗುತ್ತದೆ.

ಏಕೆಂದರೆ ವಿಮಾನ ನಿಂತಿತು, ಬಾಗಿಲು ತೆರೆಯಲಿಲ್ಲ. ಓಡುದಾರಿಯ ಪಕ್ಕದ ಬಯಲಿನಲ್ಲಿ, ಕಟ್ಟಡದಿಂದ ದೂರ, ಬಿಸಿಲಿನಲ್ಲಿ ನಿಂತೇ ಇತ್ತು. ಗಗನಸಖಿ ನಗುನಗುತ್ತಾ ಪ್ರಕಟಿಸಿದಳು: ನಾವು ನಿಗದಿತ ಸಮಯಕ್ಕಿಂತ ನಲವತ್ತು ನಿಮಿಷ ಮೊದಲೇ ತಲುಪಿದ್ದೇವೆ, ದಯವಿಟ್ಟು ಕುಳಿತಿರಿ. ತಂಪು ಗಾಳಿ ನಿಂತಿತು. ಹತ್ತು ನಿಮಿಷದಲ್ಲಿ ಒಳಗೆ ಬೆವರಿನ ವಾಸನೆ ಎದ್ದಿತು. ಮುಂದಿನ ಸಾಲಿನವನು ಬೂಟು ಕಳಚಿ ಕಾಲುಚೀಲವನ್ನು ಸೀಟಿನ ತೋಳಿಗೆ ನೇತುಹಾಕಿದ. ಪಕ್ಕದವನು ಪೊಟ್ಟಣ ಬಿಚ್ಚಿ ಬೇಯಿಸಿದ ಮೊಟ್ಟೆ ಸುಲಿಯತೊಡಗಿದ. ಹಿಂದೆ ಒಂದು ಕೂಸು ಹಾಲು ಕಾರಿಕೊಂಡಿತು. ಹುಳಿಯಾದ ಹಾಲು ಸೀಟಿನ ಕೆಳಗೆ ಹರಿದು ಅವಳ ಚೀಲದ ಅಂಚಿಗೆ ತಾಗಿತು. ಚೀಲವನ್ನು ತೊಡೆಯ ಮೇಲೆತ್ತಿಕೊಂಡಳು. ಕರವಸ್ತ್ರ ಮೂಗಿಗೆ ಒತ್ತಿ ಹಿಡಿದು ನಿಮಿಷ ಎಣಿಸಿದಳು. ಅವಳಿಗೆ ಬೇರೆ ಯಾವ ಪ್ರಾರ್ಥನೆಯೂ ಬಾರದು. ಹನ್ನೆರಡು, ಹದಿಮೂರು. ಇಪ್ಪತ್ತೊಂದು. ಆಗ ನೆನಪಾಯಿತು, ತನ್ನ ಕಾಲಿನ ಕೆಳಗೆ, ಸಾಮಾನಿನ ಗೂಡಿನಲ್ಲಿ, ಸೀಸದ ಪೆಟ್ಟಿಗೆ ಇದೆ. ಇಲ್ಲಿ ಮೇಲೆ ಹಾಲು ಹುಳಿಯಾಗುತ್ತಿದ್ದಂತೆ ಅಲ್ಲಿ ಕೆಳಗೆ ಔಷಧ ಸಾಯುತ್ತಿದೆ.

ಬಾಗಿಲು ತೆರೆದಾಗ ಹತ್ತು ಮೂವತ್ತೆರಡು. ಅವಳು ಕೂಡಿ ನೋಡಿದಳು. ಒಂಬತ್ತು ಹನ್ನೆರಡರಿಂದ ಎಂಬತ್ತು ನಿಮಿಷ.

ಕೆಳಗೆ ಹಳದಿ ಕೋಟಿನ ತೆಳ್ಳನೆಯ ಮನುಷ್ಯನೊಬ್ಬ ಕಾಯುತ್ತಿದ್ದ. ಅವಳಿಗಿಂತ ಒಂಬತ್ತು ವರ್ಷವಾದರೂ ಚಿಕ್ಕವನು. ಅಕ್ಕ ಎಂದಾಗ ದನಿಯಿಂದ ಗುರುತು ಹಿಡಿದಳು. ಇಷ್ಟು ವರ್ಷ ಅಣ್ಣ ಎಂದದ್ದಕ್ಕೆ ನಗಬೇಕಾಗಿದ್ದ ಹೊತ್ತು ಅದು. ಅವಳು ಕೇಳಿದ್ದು ಬಾಗಿಲಿನ ಮಾತು. ಇಷ್ಟು ಹೊತ್ತು ಏಕೆ ಮುಚ್ಚಿತ್ತು?

ಅಲ್ಲಿ ವಿಮಾನ ನಿಲ್ಲಿಸುವ ಕಟ್ಟೆ ಒಂದೇ. ನಮ್ಮ ವಿಮಾನ ಹತ್ತೂವರೆಗೆ ಮೊದಲು ಬರುವುದಿಲ್ಲವೆಂದು ಕಾಗದದಲ್ಲಿ ಇರುವುದರಿಂದ, ಆರು ವಾರದಿಂದ ಆ ಹೊತ್ತನ್ನು ಬೇರೆ ಕಂಪನಿಯ ವಿಮಾನಕ್ಕೆ ಕೊಟ್ಟಿದ್ದರು. ಅದು ಕಟ್ಟೆ ಬಿಡುವವರೆಗೆ ನಮ್ಮದು ಬಯಲಿನಲ್ಲಿ ಕಾಯಬೇಕು.

“ಆರು ವಾರದಿಂದ ದಿನಾ ಫೋನ್ ಮಾಡಿದ್ದೀರಿ. ಒಂದು ಸಲ ಹೇಳಲಿಲ್ಲವಲ್ಲ ಅಣ್ಣ?”

“ನಿಮಗೆ ಗೊತ್ತಿದೆ ಅಂದ್ಕೊಂಡೆ ಅಕ್ಕ. ಕಾಗದದ ಕೆಳಗೆ ನಿಮ್ಮದೇ ಸಹಿ ಇತ್ತು.” ಅವನು ನೆಲ ನೋಡುತ್ತಾ ಮುಂದುವರಿಸಿದ. “ನೀವು ಕೇಳ್ತಿದ್ದದ್ದು ಗಾಲಿ ಮುಟ್ಟಿದ ಹೊತ್ತು. ಅದನ್ನ ನಾನು ಸುಳ್ಳು ಹೇಳಿಲ್ಲ.”

ಹೌದು, ಅವನು ಸುಳ್ಳು ಹೇಳಿರಲಿಲ್ಲ. ಅವಳ ಪುಸ್ತಕವೂ ಸುಳ್ಳು ಹೇಳಿರಲಿಲ್ಲ. ಅವಳ ಪುಸ್ತಕದಲ್ಲಿ ಬಾಗಿಲಿನ ಅಂಕಣವೇ ಇರಲಿಲ್ಲ, ಅಷ್ಟೇ. ಕಾಗದದ ಮೇಲೆ ಬರೆದ ಸುಳ್ಳು ನೆಲಕ್ಕಿಳಿದು, ಕಟ್ಟೆಯ ಮೇಲೆ ಕುಳಿತು, ನಿಜವಾಗಿಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಔಷಧ ನೋಡಿಕೊಳ್ಳುವ ಡಾಕ್ಟರಮ್ಮ ಒಳ್ಳೆಯವರು, ಆದರೆ ದಣಿದವರು. ಅವರು ತಮ್ಮ ಪುಸ್ತಕ ತೆರೆದು ತೋರಿಸಿದರು. ಮೊದಲು ಏಳು ಜನರಿಗೆ ಆಗುತ್ತಿದ್ದ ಔಷಧ ಆರು ವಾರದಿಂದ ನಾಲ್ವರಿಗೆ ಬರುತ್ತಿತ್ತು. ಉಳಿದ ಮೂವರು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಕಾದು ಹಿಂದಿರುಗಿದ್ದರು. ಅಣ್ಣನ ಹೆಂಡತಿ ಎರಡು ಸಲ ಹೀಗೆ ಹಿಂದಿರುಗಿದ್ದಳು. ಅದನ್ನೂ ಅವನು ಫೋನಿನಲ್ಲಿ ಹೇಳಿರಲಿಲ್ಲ. ನಿಮಿಷದಕ್ಕ ಮೇಜಿನ ಮೇಲೆ ಹಾಕಬೇಕೆಂದು ತಂದ ಪುಸ್ತಕಗಳನ್ನು ಚೀಲದಿಂದ ಅರ್ಧ ತೆಗೆದು ಹಿಂದಕ್ಕೆ ತುರುಕಿದಳು. ಚೀಲದ ಅಂಚು ಹಾಲಿನ ವಾಸನೆ ಹೊಡೆಯುತ್ತಿತ್ತು.

“ನಿಮ್ಮ ಗಾಲಿ ನೆಲ ಮುಟ್ಟಿದ ಮಾತ್ರಕ್ಕೆ ಔಷಧ ನನ್ನ ಕೈ ಮುಟ್ಟೋದಿಲ್ಲಮ್ಮ” ಎಂದರು ಡಾಕ್ಟರಮ್ಮ. ತಿಂಗಳು ಮುಗಿಯಲು ಹತ್ತೊಂಬತ್ತು ದಿನವಿದೆ, ಅಷ್ಟರಲ್ಲಿ ಸರಿಹೋದರೆ ಸಂತೋಷ ಎಂದೂ ಹೇಳಿದರು.

ಅಂದು ಸಂಜೆ ಅವಳು ನಮ್ಮ ಮನೆಗೆ ಬಂದಳು. ಇಷ್ಟನ್ನೂ ಹೇಳಿ, ಒಂದು ಕಾಗದ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ ಎಂದಳು. ಮೂರೇ ವಾಕ್ಯ. ಎಂಬತ್ತು ನಿಮಿಷ ಎಂದು ನಾನು ಸಹಿ ಮಾಡಿದ್ದು ತಪ್ಪು. ತಪ್ಪೆಂದು ತಿಳಿದೇ ಸಹಿ ಮಾಡಿದೆನು. ಸರಿಯಾದ ಕಾಲ ಮೂವತ್ತೆಂಟು ನಿಮಿಷ. ವ್ಯಾಕರಣದಲ್ಲಿ ದೋಷವಿರಲಿಲ್ಲ. ಆದರೆ ನನಗೆ ಅವಳ ನಿವೃತ್ತಿಗೆ ಉಳಿದ ಎಂಟು ತಿಂಗಳು ನೆನಪಾಗಿ, ‘ತಿಳಿದೇ’ ಎಂಬಲ್ಲಿ ‘ತಿಳಿಯದೆ’ ಎಂದು ಮಾಡಿದರೆ ಹೇಗೆ ಎಂದೆ. ಅವಳು ನನ್ನ ಮುಖ ನೋಡಿದಳು. ಐವತ್ತು ವರ್ಷದ ಹಿಂದೆ ಪಕ್ಕದ ಹುಡುಗನ ಎಂಜಲು ಸ್ಲೇಟನ್ನು ನೋಡುತ್ತಿದ್ದ ನೋಟ ಅದೇ. ನಾನು ಕಾಗದವನ್ನು ಹಾಗೆಯೇ ಹಿಂದಕ್ಕೆ ಕೊಟ್ಟೆ.

ಮರುದಿನ ಕಚೇರಿಯ ಕಡತದಲ್ಲಿದ್ದ ಪ್ರಮಾಣಪತ್ರದ ಪ್ರತಿಯನ್ನು ತೆಗೆದಳು. ಹರಿಯಲಿಲ್ಲ, ಬಿಳಿ ಬಣ್ಣ ಬಳಿಯಲಿಲ್ಲ. ಎಂಬತ್ತರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಮೂವತ್ತೆಂಟು ಎಂದು ಬರೆದು, ಕೆಳಗೆ ತಾರೀಖಿನೊಂದಿಗೆ ಸಹಿ ಹಾಕಿದಳು. ತನ್ನದೇ ಪೆನ್ನಿನಲ್ಲಿ. ಅದರ ಪ್ರತಿಗಳನ್ನೂ ಮೂರು ವಾಕ್ಯದ ಕಾಗದವನ್ನೂ ಆಸ್ಪತ್ರೆಗೆ, ಆ ತುದಿಯ ನಿಲ್ದಾಣದ ಅಧಿಕಾರಿಗೆ, ಕಂಪನಿಯ ಮುಖ್ಯ ಕಚೇರಿಗೆ ಕಳಿಸಿದಳು. ಆಮೇಲೆ ತಾನೇ ಮ್ಯಾನೇಜರ ಕೋಣೆಗೆ ಹೋಗಿ ಹೇಳಿದಳು.

ಅವನು ಕೂಗಾಡಲಿಲ್ಲ. ಮೆತ್ತನೆಯ ದನಿಯಲ್ಲೇ, “ಎಂಟು ತಿಂಗಳು ಸುಮ್ಮನಿದ್ದಿದ್ರೆ ಕೇಕ್ ಕತ್ತರಿಸಿ ಮರ್ಯಾದೆಯಾಗಿ ಕಳಿಸಿಕೊಡ್ತಿದ್ವಿ” ಎಂದ.

“ನಿಮ್ಮ ಕೇಕ್ ಒಂದು ಸಲ ತಿಂದಿದ್ದೀನಿ ಸಾರ್. ಇನ್ನೂ ಬಾಯಿಂದ ಹೋಗಿಲ್ಲ” ಎಂದಳು ಅವಳು.

ಮರುದಿನವೇ ಅವಳನ್ನು ವಾರಸುದಾರರಿಲ್ಲದ ಸಾಮಾನಿನ ಕೋಣೆಗೆ ಹಾಕಿದರು. ಅವಳ ಸ್ವಭಾವ ಬಲ್ಲವರು ಯಾರೋ ಯೋಚಿಸಿಯೇ ಕೊಟ್ಟ ಶಿಕ್ಷೆ. ಕಿಟಕಿಯಿಲ್ಲದ ಕೋಣೆ, ಬಿಟ್ಟುಹೋದ ಪೆಟ್ಟಿಗೆಗಳು, ಒದ್ದೆ ಬಟ್ಟೆ ಮುಗ್ಗಿದ ಚೀಲಗಳು. ಯಾರದೋ ಡಬ್ಬಿಯಲ್ಲಿ ಯಾವ ಕಾಲದ್ದೋ ಅನ್ನ ಹಸಿರು ಕೂದಲು ಬಿಟ್ಟಿತ್ತು. ಮೊದಲ ವಾರವೆಲ್ಲ ಅವಳು ಸೋಡಾಪುಡಿ ಹಾಕಿ ಕಪಾಟು ತೊಳೆದಳು.

ದಿನಗಳು ಕಳೆದವು. ಕಂಪನಿಯಿಂದ ಉತ್ತರವಿಲ್ಲ. ತಿಂಗಳು ಮುಗಿಯಿತು, ಔಷಧ ನಿಂತಿತು. ಅಣ್ಣನ ಹೆಂಡತಿಯ ಸ್ಕ್ಯಾನಿನ ದಿನ ಮೀರಿಹೋಗುತ್ತಿತ್ತು. ನಿಮಿಷದಕ್ಕ ಆಕೆಯೊಡನೆ ತಾನೇ ಫೋನಿನಲ್ಲಿ ಮಾತನಾಡಿ, ತನ್ನ ಗಂಡನ ಬಸ್ಸಿನಲ್ಲಿ ಬರುವಂತೆ ಒಪ್ಪಿಸಿದಳು. ಚಾಲಕನ ಹಿಂದಿನ ಸೀಟನ್ನೇ ಹಿಡಿದಿಟ್ಟರು. ಗಂಡ ತನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಬಸ್ಸು ಓಡಿಸಿರಲಿಲ್ಲವಂತೆ. ಒಂಬತ್ತೂವರೆ ಗಂಟೆ ಹಿಡಿಯಿತು. ಪ್ರಯಾಣಿಕರು ಬೈದರು. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಹೆಂಡತಿಗೆ ಅವನು ಆ ದಿನ ತಮಾಷೆ ಮಾಡಲಿಲ್ಲ.

“ಹದಿನಾಲ್ಕು ಕವರು ಕೊಟ್ಟೆ ಕಣೇ” ಎಂದ, ಅಷ್ಟೇ.

ಬಸ್ಸಿನಿಂದ ಇಳಿದ ಹೆಂಗಸು ಒಂದು ಹಿಡಿಯಷ್ಟಿದ್ದಳು. ತುಟಿ ಒಣಗಿತ್ತು, ಮೈಯೆಲ್ಲ ವಾಂತಿಯ ವಾಸನೆ. ಒಬ್ಬ ಮನುಷ್ಯ ಪೆನ್ನು ಜಗಿಯುತ್ತಾ ಕುಳಿತು ಗೋಡೆಗೊಂದು ಫಲಕ ಬೇಕೆಂದು ಆಸೆಪಟ್ಟದ್ದಕ್ಕೆ, ಕಾಯಿಲೆಯ ಹೆಂಗಸೊಬ್ಬಳು ಮುನ್ನೂರ ನಲವತ್ತು ಕಿಲೋಮೀಟರು ಕಾರಿಕೊಳ್ಳುತ್ತಾ ಬರಬೇಕಾಯಿತು. ಬರೆಯುವಾಗಲೂ ನನ್ನ ನಾಲಿಗೆ ಕಹಿಯಾಗುತ್ತದೆ. ನಿಮಿಷದಕ್ಕ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ. ಅದನ್ನು ನೀರಿನಲ್ಲಿ ಅದ್ದಿ ಆಕೆಯ ಬಾಯಿ ಒರೆಸಿದಳು, ಕತ್ತು ಒರೆಸಿದಳು, ತನ್ನ ಮನೆಗೆ ಕರೆದುಕೊಂಡು ಹೋಗಿ ಮೂರು ದಿನ ಇಟ್ಟುಕೊಂಡಳು. ಎರಡನೆಯ ದಿನ ಆಕೆಗೆ ತನ್ನ ಸಹಿಯ ವಿಷಯ ಹೇಳಿದಳು. ಆಕೆ, ಆ ಪೆನ್ನನ್ನು ನಾನಾಗಿದ್ದರೂ ಬೇಗನೇ ಕೆಳಗಿಡುತ್ತಿದ್ದೆ ಎಂದಳಂತೆ. ಕ್ಷಮಿಸಿದಳೋ, ದಣಿವಿಗೆ ಮಾತು ಮುಗಿಸಿದಳೋ, ನಿಮಿಷದಕ್ಕನಿಗೆ ಇಂದಿಗೂ ತಿಳಿಯದು. ಸ್ಕ್ಯಾನಿನಲ್ಲಿ ಗೆಡ್ಡೆ ಕಾಣಲಿಲ್ಲ.

ಕೊನೆಗೆ ಕದಲಿಸಿದ್ದು ಆ ತುದಿಯ ನಿಲ್ದಾಣದ ಅಧಿಕಾರಿ. ಅವನ ಕಡತದಲ್ಲಿ ಒಂದೇ ಸಹಿಯ ಎರಡು ಕಾಗದಗಳಿದ್ದವು, ಒಂದರಲ್ಲಿ ಎಂಬತ್ತು, ಇನ್ನೊಂದರಲ್ಲಿ ಮೂವತ್ತೆಂಟು. ಅವನಿಗೆ ರೋಗಿಗಳ ಚಿಂತೆಯಿರಲಿಲ್ಲ. ನಾಳೆ ತನ್ನನ್ನು ಯಾರಾದರೂ ಕೇಳಿದರೆ ಎಂಬ ಚಿಂತೆಯಿತ್ತು. ಯಾವುದು ಸರಿ ಎಂದು ಕಂಪನಿಗೆ ಬರೆದು ಕೇಳಿದ. ಕಂಪನಿ ಎರಡೂ ತಪ್ಪು ಎನ್ನುವಂತೆ ಹೊಸ ವೇಳಾಪಟ್ಟಿ ಅಚ್ಚು ಹಾಕಿಸಿತು: ಐವತ್ತು ನಿಮಿಷ. ಕಟ್ಟೆಯನ್ನು ಹತ್ತು ಗಂಟೆಯ ಒಳಗೆ ತೆರವು ಮಾಡಿಸಿದರು. ಇಪ್ಪತ್ತು, ಇಪ್ಪತ್ತು, ಐವತ್ತು, ಹದಿನೈದು. ಕೂಡಿದರೆ ಎರಡು ಗಂಟೆಗೆ ಹದಿನೈದು ನಿಮಿಷ ಉಳಿಯುತ್ತದೆ. ಔಷಧ ಮತ್ತೆ ಹೊರಟಿತು. ಫಲಕ ಮಾತ್ರ ಗೋಡೆಯಿಂದ ಇಳಿಯಲಿಲ್ಲ. ಮ್ಯಾನೇಜರಿಗೆ ದೊಡ್ಡ ಊರಿಗೆ ಬಡ್ತಿಯಾಯಿತು.

ಈ ಸುದ್ದಿ ಹೇಳಲು ಅವಳು ಬಂದಾಗ, ಅಂತೂ ಗೆದ್ದೆಯಲ್ಲ ಎಂದೆ. ಮೂಗು ಮುರಿದಳು.

“ಐವತ್ತೂ ಸುಳ್ಳೇ ಮೇಷ್ಟ್ರೇ. ಹಾಲಿಗೆ ಬಿದ್ದ ಜಿರಳೆ ಚಿಕ್ಕದು ಅಂತ ಹಾಲು ಚೊಕ್ಕಟವಾಗುತ್ತಾ?”

ಅವಳ ಹೊಸ ಕೋಣೆಯಲ್ಲಿ ಮುರುಕು ಫೋನೊಂದಿತ್ತು. ಕಳೆದ ಸಾಮಾನಿನ ಬಗ್ಗೆ ಕೇಳುವವರಿಗಾಗಿ ಇಟ್ಟದ್ದು, ಯಾರೂ ಕೇಳುತ್ತಿರಲಿಲ್ಲ. ಅವಳು ನಿವೃತ್ತಳಾಗುವವರೆಗೂ ದಿನವೂ ಒಂಬತ್ತು ಐವತ್ತಕ್ಕೆ ಸ್ವಲ್ಪ ಆಚೀಚೆ ಅದು ಬಡಿದುಕೊಳ್ಳುತ್ತಿತ್ತು. ಕೈ ಕೊಳೆಯಾಗಿದ್ದರೂ ಒರೆಸಿಕೊಂಡು ಓಡಿ ಬಂದು ಎತ್ತುತ್ತಿದ್ದಳು. “ಮುಟ್ಟಿತು” ಎನ್ನುತ್ತಿದ್ದ ಅಣ್ಣ. ಅವಳು ಫೋನು ಇಡುತ್ತಿರಲಿಲ್ಲ, ಅವನೂ ಇಡುತ್ತಿರಲಿಲ್ಲ. ಇಬ್ಬರೂ ಕಾಯುತ್ತಿದ್ದರು. ಐದಾರು ನಿಮಿಷವಾದ ಮೇಲೆ ಅವನು ಹೇಳುತ್ತಿದ್ದ.

“ಬಾಗಿಲೂ ತೆರೀತು ಅಕ್ಕ. ಪೆಟ್ಟಿಗೆ ಇಳೀತಿದೆ.”

ಆಗ ಅವಳು ಪುಸ್ತಕ ತೆರೆದು, ಕೈಯಿಂದ ಗೆರೆ ಹಾಕಿ ಹೊಸದಾಗಿ ಮಾಡಿಕೊಂಡ ಮೂರನೆಯ ಅಂಕಣದಲ್ಲಿ ಆ ಹೊತ್ತನ್ನು ಬರೆಯುತ್ತಿದ್ದಳು.